ಹೊಸ ಫೋನಿನ ಪರದೆ ಬಿಸಿಲಿನಲ್ಲಿ ಮಂಕೇ? ರಿಪೇರಿಗೆ ಒಯ್ಯುವ ಮೊದಲು ಮನೆಯಲ್ಲೇ ಮಾಡಬೇಕಾದ ತಪಾಸಣೆ: ಸಮಗ್ರ ಮಾರ್ಗದರ್ಶಿ

ಕಳೆದ ಸುಗ್ಗಿಯಲ್ಲಿ ನನ್ನ ತಮ್ಮ ನಾಲ್ಕು ವರ್ಷ ಬಳಸಿದ ಫೋನನ್ನು ಬಿಟ್ಟು ಅದೇ ಕಂಪನಿಯ ಹೊಸ ಮಾದರಿಯನ್ನು ಕೊಂಡ. ಡಬ್ಬಿಯ ಮೇಲೆ ಪರದೆಯ ಪ್ರಖರತೆ 2000 ನಿಟ್ಸ್ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು. ಮೂರನೆಯ ದಿನ ಮೆಣಸಿನಕಾಯಿ ಚೀಲಗಳನ್ನು ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋದವನು ಅಲ್ಲಿಂದಲೇ ಕರೆ ಮಾಡಿ, “ಅಣ್ಣಾ, ಹೊಸಾ ಫೋನಿನ್ಯಾಗ ಬಿಸಿಲಿಗೆ ಏನೂ ಕಾಣವಲ್ದು, ಹಳೇದs ಚಲೋ ಇತ್ತು” ಎಂದ. ದರದ ಸಂದೇಶವನ್ನು ಓದಲು ಅವನು ಪ್ರತಿ ಸಲವೂ ಪ್ರಾಂಗಣದ ಬಿಸಿಲಿನಿಂದ ಅಂಗಡಿಯ ನೆರಳಿಗೆ ಹೋಗಬೇಕಾಗಿತ್ತು. ಊರಿಗೆ ಮರಳುವ ದಾರಿಯಲ್ಲಿ ಒಂದು ರಿಪೇರಿ ಅಂಗಡಿಯವರು ಫೋನನ್ನು ಎರಡು ನಿಮಿಷ ನೋಡಿ, ಪರದೆಯಲ್ಲೇ ದೋಷವಿದೆ, ಬದಲಿಸಬೇಕು ಎಂದು ಹೇಳಿಬಿಟ್ಟರು. ಭಾನುವಾರ ಅವನು ಅದನ್ನು ಧಾರವಾಡದ ನನ್ನ ಮನೆಗೆ ತಂದ. ಒಂದೂವರೆ ತಾಸು ಕುಳಿತು ಒಂದೊಂದನ್ನೇ ಪರೀಕ್ಷಿಸಿದಾಗ ಪರದೆ ಸಂಪೂರ್ಣ ಸರಿಯಾಗಿಯೇ ಇರುವುದು ಖಚಿತವಾಯಿತು. ಮೂರು ಬೇರೆ ಬೇರೆ ಕಾರಣಗಳು ಒಂದರ ಮೇಲೊಂದು ಕುಳಿತು ಬೆಳಕನ್ನು ಕುಗ್ಗಿಸಿದ್ದವು.

ಆ ದಿನದಿಂದ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಬಂಧುಗಳೂ ಗೆಳೆಯರೂ ಇದೇ ದೂರನ್ನು ಹೇಳಿದಾಗಲೆಲ್ಲ ನಾನು ಅನುಸರಿಸುತ್ತಿರುವ ತಪಾಸಣೆಯ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇಲ್ಲಿ ಕ್ರಮವೇ ಮುಖ್ಯ. ಎಲ್ಲ ಸೆಟ್ಟಿಂಗ್‌ಗಳನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂಬುದು ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ತೊಂದರೆ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಡಬ್ಬಿಯ ಮೇಲಿನ ಸಂಖ್ಯೆಯ ಅರ್ಥ

ನಿಟ್ ಎಂಬುದು ಪರದೆಯ ಪ್ರಖರತೆಯನ್ನು ಅಳೆಯುವ ಮಾನ. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಎಂದರೆ ಒಂದು ನಿಟ್. ಐಫೋನ್ 14 ಪ್ರೊಗೆ 2000, ಪಿಕ್ಸೆಲ್ 8ಕ್ಕೆ 2000, ಗ್ಯಾಲಕ್ಸಿ ಎಸ್24ಕ್ಕೆ 2600 ಎಂದು ಕಂಪನಿಗಳು ಹೇಳುವ ಸಂಖ್ಯೆಗಳು ಸುಳ್ಳಲ್ಲ. ಆದರೆ ಅವು ಗರಿಷ್ಠ ಪ್ರಖರತೆಯ ಸಂಖ್ಯೆಗಳು, ಪರದೆಯು ದಿನವಿಡೀ ಕೊಡುವ ಬೆಳಕಲ್ಲ. ಹೊರಗಿನ ಬಿಸಿಲು ತೀವ್ರವಾಗಿದ್ದು, ಸ್ವಯಂಚಾಲಿತ ಪ್ರಖರತೆ (ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬೆಳಕನ್ನು ಫೋನೇ ಬದಲಿಸುವ ವ್ಯವಸ್ಥೆ) ಚಾಲೂ ಇದ್ದು, ಫೋನ್ ತಂಪಾಗಿದ್ದಾಗ ಮಾತ್ರ ಆ ಮಟ್ಟ ಸಿಗುತ್ತದೆ. ಹಲವು ಫೋನ್‌ಗಳಲ್ಲಿ ಬೆರಳಿನಿಂದ ಪ್ರಖರತೆಯ ಪಟ್ಟಿಯನ್ನು ಕೊನೆಯವರೆಗೆ ಎಳೆದರೂ ದೊರೆಯುವುದು ಅದರ ಅರ್ಧಕ್ಕಿಂತ ಕಡಿಮೆ.

ಎರಡನೆಯ ಸಂಗತಿ ನಮ್ಮ ಕಣ್ಣಿಗೆ ಸಂಬಂಧಿಸಿದ್ದು. ಪರದೆಯ ಬೆಳಕು ಎರಡು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟು ಪ್ರಖರವಾಗಿ ಕಾಣುವುದಿಲ್ಲ, ಸುಮಾರು ಕಾಲು ಭಾಗದಷ್ಟು ಮಾತ್ರ ಹೆಚ್ಚಿದಂತೆ ತೋರುತ್ತದೆ. ಹಳೆಯ ಫೋನು 600 ನಿಟ್ಸ್, ಹೊಸದು 1200 ನಿಟ್ಸ್ ಎಂದಾಗ ಹಗಲು ರಾತ್ರಿಯ ವ್ಯತ್ಯಾಸವನ್ನು ನಿರೀಕ್ಷಿಸುವವರಿಗೆ ನಿರಾಸೆಯಾಗುವುದು ಸಹಜ.

ಮೂರನೆಯದು ಪರದೆಯ ಜಾತಿ. ನಾಲ್ಕೈದು ವರ್ಷ ಹಿಂದಿನ ಮಧ್ಯಮ ಬೆಲೆಯ ಫೋನ್‌ಗಳಲ್ಲಿ ಹೆಚ್ಚಾಗಿ ಎಲ್‌ಸಿಡಿ ಪರದೆ ಇರುತ್ತಿತ್ತು, ಅದರಲ್ಲಿ ಹಿಂದಿನಿಂದ ಒಂದು ದೀಪ ಸದಾ ಉರಿಯುತ್ತದೆ. ಈಗಿನ ಬಹುತೇಕ ಹೊಸ ಮಾದರಿಗಳಲ್ಲಿರುವ ಓಲೆಡ್ ಪರದೆಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ಆದ್ದರಿಂದ ಪರದೆಯ ತುಂಬ ಬಿಳಿಯೇ ಇದ್ದಾಗ ವಿದ್ಯುತ್ತಿನ ಬಳಕೆ ಹೆಚ್ಚಿ, ಫೋನು ಒಟ್ಟು ಬೆಳಕನ್ನು ಸ್ವಲ್ಪ ತಗ್ಗಿಸುತ್ತದೆ. ಗರಿಷ್ಠ ನಿಟ್ಸ್ ಸಂಖ್ಯೆಯನ್ನು ಸಾಮಾನ್ಯವಾಗಿ ಪರದೆಯ ಒಂದು ಸಣ್ಣ ಭಾಗವಷ್ಟೇ ಬೆಳಗಿದಾಗ ಅಳೆದಿರುತ್ತಾರೆ. ಪಹಣಿಯ ಪಿಡಿಎಫ್ ಹಾಳೆ ಕಪ್ಪು ಹಿನ್ನೆಲೆಯ ಚಿತ್ರಕ್ಕಿಂತ ಮಂಕಾಗಿ ಕಂಡರೆ ಅದು ದೋಷವಲ್ಲ, ಪರದೆಯ ಸ್ವಭಾವ.

ಮೊದಲ ಹೆಜ್ಜೆ: ಹಳೆಯದನ್ನೂ ಹೊಸದನ್ನೂ ನ್ಯಾಯವಾಗಿ ಹೋಲಿಸುವುದು

“ಹಳೆಯದೇ ಚೆನ್ನಾಗಿತ್ತು” ಎಂಬ ಮಾತನ್ನು ನೆನಪಿನ ಆಧಾರದ ಮೇಲೆ ನಂಬಬಾರದು. ಹಳೆಯ ಫೋನು ಇನ್ನೂ ಕೈಯಲ್ಲಿದ್ದರೆ ಎರಡನ್ನೂ ಅರ್ಧದಷ್ಟಾದರೂ ಚಾರ್ಜ್ ಮಾಡಿ, ಚಾರ್ಜರಿನಿಂದ ಬಿಡಿಸಿ, ಅರ್ಧ ಗಂಟೆ ನೆರಳಿನಲ್ಲಿಟ್ಟು ತಣಿಸಿ. ಎರಡರಲ್ಲೂ ಬ್ಯಾಟರಿ ಉಳಿತಾಯ ಮೋಡ್ ಮತ್ತು ಸ್ವಯಂಚಾಲಿತ ಪ್ರಖರತೆಯನ್ನು ಬಂದ್ ಮಾಡಿ, ಪ್ರಖರತೆಯ ಪಟ್ಟಿಯನ್ನು ಕೊನೆಯವರೆಗೆ ಎಳೆಯಿರಿ. ನಂತರ ಒಂದೇ ಚಿತ್ರವನ್ನು, ಉದಾಹರಣೆಗೆ ಖಾಲಿ ಬಿಳಿ ಹಾಳೆಯ ಫೋಟೋವನ್ನು, ಎರಡರಲ್ಲೂ ತೆರೆದು ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ಅಕ್ಕಪಕ್ಕ ಇಡಿ. ಹೀಗೆ ನೋಡಿದಾಗ ಹೊಸದು ಸ್ಪಷ್ಟವಾಗಿ ಮಂಕಾಗಿದ್ದರೆ ಟೆಂಪರ್ಡ್ ಗ್ಲಾಸನ್ನು ಮತ್ತು ಅಡಗಿರುವ ಸೆಟ್ಟಿಂಗ್‌ಗಳನ್ನು ಮೊದಲು ಸಂಶಯಿಸಬೇಕು. ಎರಡೂ ಸಮಸಮವಾಗಿದ್ದು ಬಿಸಿಲಿನಲ್ಲಿ ಮಾತ್ರ ಹೊಸದು ಸೋಲುತ್ತಿದ್ದರೆ ಸ್ವಯಂಚಾಲಿತ ಪ್ರಖರತೆ, ಸುತ್ತಲಿನ ಬೆಳಕನ್ನು ಅಳೆಯುವ ಸಂವೇದಕ ಅಥವಾ ಶಾಖ ಕಾರಣವಾಗಿರುತ್ತದೆ. ಈ ಒಂದು ಪರೀಕ್ಷೆಯಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ, ಆದ್ದರಿಂದ ಇದನ್ನು ಬಿಡಬೇಡಿ.

ಎರಡನೆಯ ಹೆಜ್ಜೆ: ಸ್ವಯಂಚಾಲಿತ ಪ್ರಖರತೆಯನ್ನು ಚಾಲೂ ಮಾಡುವುದು

ನನ್ನ ಅನುಭವದಲ್ಲಿ ಅತಿ ಹೆಚ್ಚು ಫೋನ್‌ಗಳು ಸರಿಯಾದದ್ದು ಈ ಹೆಜ್ಜೆಯಲ್ಲಿ, ಮತ್ತು ಜನರು ಅತಿ ಹೆಚ್ಚು ಒಪ್ಪದೇ ಇರುವುದೂ ಇದನ್ನೇ. ಹಳೆಯ ಫೋನ್‌ಗಳಲ್ಲಿ ಸ್ವಯಂಚಾಲಿತ ಪ್ರಖರತೆ ಬೇಕಾಬಿಟ್ಟಿ ಏರಿಳಿಯುತ್ತಿದ್ದುದರಿಂದ ಅದನ್ನು ಬಂದ್ ಮಾಡಿ, ಪಟ್ಟಿಯನ್ನು ಕೈಯಿಂದಲೇ ಸರಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ಹೊಸ ಮಾದರಿಗಳಲ್ಲಿ ಅದೇ ರೂಢಿ ನಷ್ಟಕ್ಕೆ ಕಾರಣವಾಗುತ್ತದೆ. ಬಿಸಿಲಿಗೆಂದೇ ಇರುವ ಅತಿಪ್ರಖರ ಮಟ್ಟವು ಬೆಳಕಿನ ಸಂವೇದಕದ ಅಪ್ಪಣೆಯಿಂದ ಮಾತ್ರ ತೆರೆದುಕೊಳ್ಳುತ್ತದೆ. ಕೈಯಿಂದ ಸರಿಸುವ ಪಟ್ಟಿಗೆ ಆ ಮಟ್ಟದ ಬಾಗಿಲು ಮುಚ್ಚಿರುತ್ತದೆ. ಓಲೆಡ್ ಪರದೆ ದಿನವಿಡೀ ಅತಿಪ್ರಖರವಾಗಿ ಉರಿದರೆ ಬೇಗ ಸವೆಯುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ. ಆದ್ದರಿಂದ ತಯಾರಕರು ಈ ಕಟ್ಟುಪಾಡನ್ನು ತಿಳಿದೇ ಇಟ್ಟಿದ್ದಾರೆ.

ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ, ಅಡಾಪ್ಟಿವ್ ಬ್ರೈಟ್‌ನೆಸ್ ಅಥವಾ ಆಟೋ ಬ್ರೈಟ್‌ನೆಸ್ ಎಂಬುದನ್ನು ಚಾಲೂ ಮಾಡಬೇಕು. ಐಫೋನಿನಲ್ಲಿ ಇದು ಡಿಸ್‌ಪ್ಲೇ ವಿಭಾಗದಲ್ಲಿ ಇರುವುದೇ ಇಲ್ಲ. ಸೆಟ್ಟಿಂಗ್ಸ್, ಅಲ್ಲಿಂದ ಆಕ್ಸೆಸಿಬಿಲಿಟಿ, ಅಲ್ಲಿಂದ ಡಿಸ್‌ಪ್ಲೇ ಆಂಡ್ ಟೆಕ್ಸ್ಟ್ ಸೈಜ್ ಎಂಬಲ್ಲಿಗೆ ಹೋಗಿ, ಪುಟದ ತೀರ ಕೆಳಗಿರುವ ಆಟೋ ಬ್ರೈಟ್‌ನೆಸ್ ಎಂಬುದನ್ನು ಚಾಲೂ ಮಾಡಬೇಕು. ಇದನ್ನು ಇಷ್ಟು ಒಳಗೆ ಅಡಗಿಸಿಟ್ಟಿರುವುದರಿಂದ ಅನೇಕರು ಅದು ತಮ್ಮ ಫೋನಿನಲ್ಲಿ ಇಲ್ಲವೆಂದೇ ತಿಳಿದಿರುತ್ತಾರೆ.

ಚಾಲೂ ಮಾಡಿದ ಮೇಲೆ ಬಿಸಿಲಿಗೆ ಹೋಗಿ, ಪರದೆಯನ್ನು ಆಕಾಶದ ಕಡೆಗೆ ಹಿಡಿದು, ಹತ್ತು ಸೆಕೆಂಡು ಕಾಯಬೇಕು. ನಡು ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಟ್ಯೂಬ್‌ಲೈಟ್ ಹಾಕಿದ ಕಚೇರಿಯ ಕೋಣೆಯಲ್ಲಿ ಇರುವುದು 300ರಿಂದ 500 ಲಕ್ಸ್ ಮಾತ್ರ. ಒಳಗಿನಿಂದ ಹೊರಗೆ ಕಾಲಿಟ್ಟಾಗ ಬೆಳಕು ನೂರಾರು ಪಟ್ಟು ಹೆಚ್ಚುವುದರಿಂದ ಫೋನಿಗೂ ನಮ್ಮ ಕಣ್ಣಿಗೂ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ತಮ್ಮನ ಫೋನನ್ನು ನಾವು ಉಣಕಲ್ ಕೆರೆಯ ದಂಡೆಗೆ ಒಯ್ದು ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಹಿಡಿದಾಗ, ಪಟ್ಟಿ ಕೊನೆಯಲ್ಲೇ ಇದ್ದರೂ ಪರದೆ ಇನ್ನೂ ಒಂದು ಮಟ್ಟ ಮೇಲೇರಿದ್ದನ್ನು ಅವನೇ ಕಣ್ಣಾರೆ ಕಂಡ. ಹಳೆಯ ಫೋನಿನ ಸೆಟ್ಟಿಂಗ್‌ಗಳನ್ನು ಹೊಸದಕ್ಕೆ ವರ್ಗಾಯಿಸುವಾಗ ಸ್ವಯಂಚಾಲಿತ ಪ್ರಖರತೆ ಬಂದ್ ಆಗಿಯೇ ಬಂದಿತ್ತು. ಅವನ ಮೂರು ಕಾರಣಗಳಲ್ಲಿ ಮೊದಲನೆಯದು ಇದು.

ಸ್ವಯಂಚಾಲಿತ ವ್ಯವಸ್ಥೆಯೇ ಬೇಡವೆನ್ನುವವರಿಗೆ ಕೆಲವು ಕಂಪನಿಗಳು ಅರೆಬರೆ ಪರಿಹಾರ ಕೊಟ್ಟಿವೆ. ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ಅಡಾಪ್ಟಿವ್ ಬ್ರೈಟ್‌ನೆಸ್ ಬಂದ್ ಮಾಡಿದಾಗ ಅದರ ಕೆಳಗೆ ಎಕ್ಸ್‌ಟ್ರಾ ಬ್ರೈಟ್‌ನೆಸ್ ಎಂಬ ಆಯ್ಕೆ ಕಾಣಿಸಿಕೊಳ್ಳುತ್ತದೆ. ಶಿಯೋಮಿಯ ಹಲವು ಫೋನ್‌ಗಳಲ್ಲಿ ಇದೇ ಕೆಲಸಕ್ಕೆ ಸನ್‌ಲೈಟ್ ಮೋಡ್ ಇದೆ. ಇವು ಉಪಯುಕ್ತವೇ, ಆದರೆ ಸಂವೇದಕ ಕೊಡುವ ಗರಿಷ್ಠ ಮಟ್ಟವನ್ನು ಇವು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಫೋನಿಗೆ ನಿಮ್ಮ ಅಭ್ಯಾಸವನ್ನು ಕಲಿಸುವುದು

2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಸ್ವಯಂಚಾಲಿತ ಪ್ರಖರತೆ ಬಳಸುವವರ ಅಭ್ಯಾಸದಿಂದ ಕಲಿಯುತ್ತದೆ. ನೀವು ಸಂಜೆ ಪಡಸಾಲೆಯಲ್ಲಿ ಕುಳಿತು ಪಟ್ಟಿಯನ್ನು ಮೇಲಕ್ಕೆ ಸರಿಸಿದರೆ, ಅಷ್ಟೇ ಬೆಳಕಿನ ಬೇರೆ ಜಾಗದಲ್ಲೂ ನಿಮಗೆ ಅದೇ ಮಟ್ಟ ಬೇಕೆಂದು ಅದು ನೆನಪಿಡುತ್ತದೆ. ಹೊಸ ಫೋನಿಗೆ ಈ ನೆನಪು ಇರುವುದಿಲ್ಲ. ಆದ್ದರಿಂದ ಮೊದಲ ಒಂದು ವಾರ ಬೆಳಕು ಸರಿ ಕಾಣದಿದ್ದಾಗ ಸಿಟ್ಟಿನಿಂದ ವ್ಯವಸ್ಥೆಯನ್ನೇ ಬಂದ್ ಮಾಡದೆ, ಪಟ್ಟಿಯನ್ನು ಬೇಕಾದಲ್ಲಿಗೆ ಸರಿಸಿ ಬಿಡಿ. ಅಡುಗೆಮನೆ, ಅಂಗಳ, ಬಸ್ಸಿನ ಒಳಗೆ, ಹೊಲದ ಬದು ಹೀಗೆ ನಾಲ್ಕಾರು ಬಗೆಯ ಬೆಳಕಿನಲ್ಲಿ ತಿದ್ದಿದರೆ ಆಮೇಲೆ ಅದು ತಾನಾಗಿ ಸರಿಹೊಂದುತ್ತದೆ. ಪಿಕ್ಸೆಲ್ ಫೋನ್‌ಗಳಲ್ಲಿ ತಪ್ಪಾಗಿ ಕಲಿತದ್ದನ್ನು ಅಳಿಸಲು ಆಪ್ಸ್ ವಿಭಾಗದಲ್ಲಿ ಡಿವೈಸ್ ಹೆಲ್ತ್ ಸರ್ವಿಸಸ್ ತೆರೆದು, ಸ್ಟೋರೇಜ್‌ನೊಳಗೆ ರೀಸೆಟ್ ಅಡಾಪ್ಟಿವ್ ಬ್ರೈಟ್‌ನೆಸ್ ಎಂಬುದನ್ನು ಒತ್ತಬಹುದು.

ಪಟ್ಟಿಯ ನಡುಭಾಗ ಎಂದರೆ ಅರ್ಧ ಬೆಳಕು ಎಂದೂ ತಿಳಿಯಬಾರದು. ಕಣ್ಣಿನ ಸ್ವಭಾವಕ್ಕೆ ತಕ್ಕಂತೆ ಆ ಪಟ್ಟಿಯನ್ನು ಬಾಗಿಸಿ ಅಳತೆ ಮಾಡಿರುತ್ತಾರೆ, ಪ್ರತಿ ಕಂಪನಿಯ ಬಾಗು ಬೇರೆ. ಹಳೆಯ ಫೋನಿನಲ್ಲಿ ಅರ್ಧಕ್ಕೆ ಇಡುತ್ತಿದ್ದೆ, ಇದರಲ್ಲೂ ಅರ್ಧಕ್ಕೇ ಇಟ್ಟಿದ್ದೇನೆ ಎಂಬ ಹೋಲಿಕೆ ಅಷ್ಟಕ್ಕೇ ಬಿದ್ದುಹೋಗುತ್ತದೆ.

ಮೂರನೆಯ ಹೆಜ್ಜೆ: ಗ್ಲಾಸು ಮತ್ತು ಸಂವೇದಕ

ನಮ್ಮಲ್ಲಿ ಫೋನು ಕೊಂಡ ದಿನವೇ, ಕೊಪ್ಪೀಕರ ರಸ್ತೆಯ ಅಂಗಡಿಯಾಗಲಿ ಗದಗದ ಟಾಂಗಾ ಕೂಟದ ಬಳಿಯ ಅಂಗಡಿಯಾಗಲಿ, ಟೆಂಪರ್ಡ್ ಗ್ಲಾಸ್ ಹಾಕಿಸಿಯೇ ಮನೆಗೆ ಹೋಗುತ್ತೇವೆ. ಹೊಸ ಫೋನಿನ ಪರದೆಯನ್ನು ಗ್ಲಾಸಿಲ್ಲದೆ ನಾವು ಒಂದು ದಿನವೂ ನೋಡಿರುವುದಿಲ್ಲ. ಹೀಗಾಗಿ ಗ್ಲಾಸಿನ ತಪ್ಪು ಫೋನಿನ ತಲೆಗೆ ಕಟ್ಟಿಕೊಳ್ಳುತ್ತದೆ.

ಹಳೆಯ ಫೋನ್‌ಗಳಲ್ಲಿ ಬೆಳಕಿನ ಸಂವೇದಕವು ಕಿವಿಗೆ ಇಡುವ ಸ್ಪೀಕರಿನ ಪಕ್ಕದಲ್ಲಿ, ಪರದೆಯ ಹೊರಗೆ ಇರುತ್ತಿತ್ತು. ಅಂಚು ಕಿರಿದಾದ ಹೊಸ ಮಾದರಿಗಳಲ್ಲಿ ಅದು ಪರದೆಯ ಕೆಳಗೇ ಮೇಲ್ತುದಿಯಲ್ಲೆಲ್ಲೋ ಅಡಗಿರುತ್ತದೆ ಅಥವಾ ತೀರ ಸಣ್ಣ ಸೀಳಿನಲ್ಲಿ ಕುಳಿತಿರುತ್ತದೆ. ಕಪ್ಪು ಅಂಚಿನ ಗ್ಲಾಸು ಒಂದು ಮಿಲಿಮೀಟರು ಸರಿದು ಕುಳಿತರೂ ಸಂವೇದಕ ಮುಚ್ಚಿಹೋಗಿ, ಫೋನು ತಾನು ಕತ್ತಲೆಯಲ್ಲಿದ್ದೇನೆಂದು ತಿಳಿದು ಬೆಳಕನ್ನು ಇಳಿಸುತ್ತದೆ. ಎಣ್ಣೆ ಕೈಯ ಜಿಡ್ಡು, ಹೊಲದ ದೂಳು, ಗ್ಲಾಸಿನ ಕೆಳಗಿನ ಗಾಳಿಗುಳ್ಳೆ ಇವೂ ಅದೇ ಕೆಲಸ ಮಾಡುತ್ತವೆ. 2022ರ ಐಫೋನ್ 14ರಂತಹ ಕೆಲವು ಮಾದರಿಗಳಲ್ಲಿ ಹಿಂಬದಿಯಲ್ಲೂ ಒಂದು ಸಂವೇದಕ ಇರುವುದರಿಂದ, ಕ್ಯಾಮೆರಾದ ಭಾಗವನ್ನು ಮುಚ್ಚುವ ಕವಚಗಳನ್ನೂ ತೆಗೆದು ನೋಡಬೇಕು.

ಸಂವೇದಕದ ಪರೀಕ್ಷೆ ಸುಲಭ. ಸ್ವಯಂಚಾಲಿತ ಪ್ರಖರತೆ ಚಾಲೂ ಇಟ್ಟು, ಮಧ್ಯಮ ಬೆಳಕಿನ ಕೋಣೆಯಲ್ಲಿ ಕುಳಿತು, ಪರದೆಯ ಮೇಲ್ಭಾಗವನ್ನು ಅಂಗೈಯಿಂದ ಹತ್ತು ಹದಿನೈದು ಸೆಕೆಂಡು ಮುಚ್ಚಿ. ಪಟ್ಟಿ ತಾನಾಗಿ ಕೆಳಗೆ ಜಾರಬೇಕು. ನಂತರ ಇನ್ನೊಂದು ಫೋನಿನ ಟಾರ್ಚನ್ನು ಅದೇ ಜಾಗಕ್ಕೆ ಹಿಡಿದರೆ ಪಟ್ಟಿ ಮೇಲೇರಬೇಕು. ಏನೂ ಬದಲಾಗದಿದ್ದರೆ ಗ್ಲಾಸು ಮತ್ತು ಕವಚ ತೆಗೆದು ಮತ್ತೊಮ್ಮೆ ಮಾಡಿ. ಸ್ಯಾಮ್‌ಸಂಗ್‌ನ ಹಲವು ಫೋನ್‌ಗಳಲ್ಲಿ ಕರೆ ಮಾಡುವ ಜಾಗದಲ್ಲಿ *#0*# ಎಂದು ಒತ್ತಿದರೆ, ಶಿಯೋಮಿಯಲ್ಲಿ *#*#6484#*#* ಎಂದು ಒತ್ತಿದರೆ ಯಂತ್ರಭಾಗಗಳ ಪರೀಕ್ಷೆಯ ಪುಟ ತೆರೆಯುತ್ತದೆ. ಅಲ್ಲಿ ಬೆಳಕಿನ ಸಂವೇದಕದ ಅಳತೆ ಲಕ್ಸ್‌ನಲ್ಲಿ ಏರಿಳಿಯುವುದನ್ನು ನೇರವಾಗಿ ನೋಡಬಹುದು. ಗ್ಲಾಸು ತೆಗೆದ ಮೇಲೂ ಸಂಖ್ಯೆ ಕದಲದಿದ್ದರೆ ಸಂವೇದಕವೇ ಕೆಟ್ಟಿದೆ, ಅದು ಸೇವಾ ಕೇಂದ್ರದ ಕೆಲಸ.

ಪ್ರೈವಸಿ ಗ್ಲಾಸಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಪಕ್ಕದಲ್ಲಿ ಕುಳಿತವರಿಗೆ ಪರದೆ ಕಾಣಬಾರದೆಂದು ಹಾಕಿಸುವ ಈ ಗ್ಲಾಸಿನೊಳಗೆ ಕಿಟಕಿಯ ಅಡ್ಡಪಟ್ಟಿಗಳಂತಹ ಅತಿ ಸೂಕ್ಷ್ಮ ಪದರಗಳಿರುತ್ತವೆ. ಓರೆಯಾಗಿ ಹೋಗುವ ಬೆಳಕನ್ನು ತಡೆಯುವ ಆ ಪದರಗಳು ನೇರವಾಗಿ ಬರುವ ಬೆಳಕಿನಲ್ಲೂ ಒಂದು ಪಾಲನ್ನು ನುಂಗುತ್ತವೆ, ಸಂವೇದಕಕ್ಕೆ ತಲುಪುವ ಬೆಳಕನ್ನೂ ಕಡಿಮೆ ಮಾಡುತ್ತವೆ. ಬಿಸಿಲಿನಲ್ಲಿ ದುಡಿಯುವವರಿಗೆ ಇದು ತಕ್ಕದ್ದಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ತಮ್ಮನ ಎರಡನೆಯ ಕಾರಣ ಇದೇ ಆಗಿತ್ತು. ಅಂಗಡಿಯಲ್ಲಿ ಮುನ್ನೂರು ರೂಪಾಯಿ ಹೆಚ್ಚು ಕೊಟ್ಟು ಹಾಕಿಸಿದ್ದ ಆ ಗ್ಲಾಸನ್ನು ತೆಗೆಯಲು ಅವನಿಗೆ ಮನಸ್ಸೇ ಬರಲಿಲ್ಲ, ತೆಗೆದ ಮೇಲೆ ಮಾತ್ರ ಮತ್ತೆ ಹಾಕಿಸುವ ಮಾತೆತ್ತಲಿಲ್ಲ. ಸಾದಾ ಗ್ಲಾಸು ಹಾಕಿಸುವಾಗಲೂ ಅಂಚಿನಲ್ಲಿ ಮಾತ್ರ ಅಂಟುವ, ನಡುವೆ ಗಾಳಿಯ ಪದರ ಉಳಿಯುವ ಅಗ್ಗದ ಬಗೆಯನ್ನು ಬಿಟ್ಟು, ಇಡೀ ಮೈಗೆ ಅಂಟುವುದನ್ನು ಕೇಳಿ ಹಾಕಿಸಿಕೊಳ್ಳಿ. ಗಾಜು ಮತ್ತು ಗಾಳಿ ಕೂಡುವ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಕಣ್ಣಿಗೆ ತಿರುಗಿಸುತ್ತದೆ. ನಡುವೆ ಗಾಳಿಯ ಪದರವಿದ್ದರೆ ಅಂತಹ ಮೇಲ್ಮೈಗಳು ಒಂದರ ಬದಲು ಮೂರಾಗುತ್ತವೆ.

ಕಣ್ಣಿಗೆ ಹಾಕುವ ಕನ್ನಡಕವೂ ಇಲ್ಲಿ ಬರುತ್ತದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿದಾಗ ಕೆಲವು ಪರದೆಗಳು ಒಂದು ದಿಕ್ಕಿನಲ್ಲಿ ಹಿಡಿದರೆ ಪೂರ್ತಿ ಕಪ್ಪಾಗುತ್ತವೆ. ಫೋನನ್ನು ಅಡ್ಡಲಾಗಿ ತಿರುಗಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಶಾಖ

ನಮ್ಮ ಸೀಮೆಯವರು ಗಮನಿಸಲೇಬೇಕಾದ ಕಾರಣವಿದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹುಬ್ಬಳ್ಳಿಯ ಮಧ್ಯಾಹ್ನ 37 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ, ಗದಗ ಇನ್ನೂ ಸ್ವಲ್ಪ ಬಿಸಿ. ಐಫೋನನ್ನು 0ಯಿಂದ 35 ಡಿಗ್ರಿ ಉಷ್ಣಾಂಶದ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಹೇಳುತ್ತದೆ. ಎಂದರೆ ನಮ್ಮ ಬೇಸಿಗೆಯ ನೆರಳು ಕೂಡ ಆ ಮೇರೆಯನ್ನು ದಾಟುತ್ತದೆ, ಬಿಸಿಲಿನಲ್ಲಿ ಕಪ್ಪು ಫೋನಿನ ಮೈ ಇನ್ನಷ್ಟು ಕಾಯುತ್ತದೆ. ಒಳಗಿನ ಉಷ್ಣಾಂಶ ಮಿತಿ ಮೀರಿದೊಡನೆ ಫೋನು ಬ್ಯಾಟರಿಯನ್ನು ಉಳಿಸಿಕೊಳ್ಳಲು ಮೊದಲು ಪರದೆಯ ಬೆಳಕನ್ನು ತಗ್ಗಿಸುತ್ತದೆ. ಪಟ್ಟಿ ಕೊನೆಯಲ್ಲೇ ನಿಂತಿರುತ್ತದೆ, ಬೆಳಕು ಮಾತ್ರ ಇಳಿದಿರುತ್ತದೆ. ಮೊದಲ ಐದು ನಿಮಿಷ ಚೆನ್ನಾಗಿ ಕಂಡು ಆಮೇಲೆ ತಾನಾಗಿ ಮಂಕಾಗುತ್ತದೆ ಎಂಬ ದೂರು ಬಂದರೆ ಇದೇ ಕಾರಣವೆಂದು ಹೆಚ್ಚು ಯೋಚಿಸದೆ ಹೇಳಬಹುದು.

ಹೊಸ ಮಾದರಿಗಳಲ್ಲಿ ಇದು ಹೆಚ್ಚಾಗಿ ಕಾಣುವುದಕ್ಕೂ ಕಾರಣವಿದೆ. ಪ್ರಖರವಾದ ಪರದೆ, ವೇಗದ ಪ್ರೊಸೆಸರ್, 5ಜಿ ಜಾಲ, ವೇಗದ ಚಾರ್ಜಿಂಗ್ ಎಲ್ಲವೂ ಒಂದು ತೆಳುವಾದ ಮೈಯಲ್ಲಿ ಕೂಡಿ ಶಾಖವನ್ನು ಹೊರಹಾಕುತ್ತವೆ. ಜೊತೆಗೆ, ಹಳೆಯ ಫೋನಿನಿಂದ ದತ್ತಾಂಶ ತಂದ ಮೊದಲ ಎರಡು ಮೂರು ದಿನ ಹೊಸ ಫೋನು ಒಳಗೊಳಗೇ ಫೋಟೋಗಳನ್ನು ವಿಂಗಡಿಸುತ್ತ, ಆಪ್‌ಗಳನ್ನು ಇಳಿಸಿಕೊಳ್ಳುತ್ತ ಬಿಡುವಿಲ್ಲದೆ ದುಡಿಯುತ್ತದೆ. ತಮ್ಮ ಬ್ಯಾಡಗಿಗೆ ಹೋದದ್ದು ಅಂತಹ ಮೂರನೆಯ ದಿನ. ದಾರಿಯುದ್ದಕ್ಕೂ ಅದನ್ನು ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಚಾರ್ಜಿಗೆ ಇಟ್ಟು ನಕ್ಷೆ ತೆರೆದಿದ್ದನೆಂದು ಆಮೇಲೆ ಹೇಳಿದ. ಮೂರನೆಯ ಕಾರಣ ಅಲ್ಲಿ ಸಿಕ್ಕಿತು.

ಇದಕ್ಕೆ ಪರಿಹಾರ ಅಭ್ಯಾಸದಲ್ಲಿದೆ. ಬಿಸಿಲಿನಲ್ಲಿ ಬಳಸುವಾಗ ಚಾರ್ಜ್ ಮಾಡಬೇಡಿ. ಬೈಕಿನ ಹಿಡಿಕೆಗೆ ಫೋನು ಸಿಗಿಸಿ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವವರು ನಕ್ಷೆಯ ಧ್ವನಿಯನ್ನು ಮಾತ್ರ ಕೇಳುತ್ತ ಪರದೆಯನ್ನು ಆರಿಸಿಟ್ಟರೆ, ಬೇಕಾದಾಗ ಬೆಳಕು ಪೂರ್ತಿ ಸಿಗುತ್ತದೆ. ದಪ್ಪ ರಬ್ಬರಿನ ಕವಚ ತೆಗೆದರೆ ಶಾಖ ಬೇಗ ಹೊರಹೋಗುತ್ತದೆ. ಕಾದ ಫೋನನ್ನು ಫ್ರಿಜ್ಜಿನೊಳಗೆ ಅಥವಾ ಮಣ್ಣಿನ ಹರವಿಯ ತಂಪಿಗೆ ಒತ್ತಿ ಇಡುವುದು ಬೇಡ, ಒಳಗೆ ತೇವ ಕಟ್ಟುವ ಅಪಾಯವಿದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಹತ್ತು ನಿಮಿಷ ಇಟ್ಟರೆ ಸಾಕು.

ಐದನೆಯ ಹೆಜ್ಜೆ: ಹಳೆಯ ಫೋನಿನಿಂದ ಹಿಂಬಾಲಿಸಿ ಬಂದ ಸೆಟ್ಟಿಂಗ್‌ಗಳು

ಬ್ಯಾಕಪ್‌ನಿಂದ ಹೊಸ ಫೋನನ್ನು ಸಿದ್ಧಪಡಿಸಿದಾಗ ಫೋಟೋ, ಸಂಪರ್ಕ ಸಂಖ್ಯೆಗಳ ಜೊತೆ ಹಳೆಯ ಆಯ್ಕೆಗಳೂ ಬರುತ್ತವೆ. ಎಂದೋ ಒಮ್ಮೆ ರಾತ್ರಿ ಓದಲೆಂದು ಚಾಲೂ ಮಾಡಿ ಮರೆತದ್ದು ಈಗ ಹೊಸ ಪರದೆಯನ್ನು ಮಂಕು ಮಾಡಬಹುದು.

ಐಫೋನಿನಲ್ಲಿ ಮೇಲೆ ಹೇಳಿದ ಡಿಸ್‌ಪ್ಲೇ ಆಂಡ್ ಟೆಕ್ಸ್ಟ್ ಸೈಜ್ ಪುಟದಲ್ಲೇ ರಿಡ್ಯೂಸ್ ವೈಟ್ ಪಾಯಿಂಟ್ ಎಂಬುದು ಬಂದ್ ಇದೆಯೇ ನೋಡಿ. ಅದು ಚಾಲೂ ಇದ್ದರೆ ಬಿಳಿ ಬಣ್ಣ ಎಂದಿಗೂ ಪೂರ್ತಿ ಬೆಳಗುವುದಿಲ್ಲ. ಫೇಸ್ ಐಡಿ ವಿಭಾಗದಲ್ಲಿ ಅಟೆನ್ಷನ್ ಅವೇರ್ ಎಂಬ ಆಯ್ಕೆ ಚಾಲೂ ಇದ್ದರೆ, ನೀವು ಪರದೆಯ ಕಡೆ ನೋಡುತ್ತಿಲ್ಲವೆಂದು ತೋರಿದಾಗ ಅದು ಬೆಳಕನ್ನು ಇಳಿಸುತ್ತದೆ. ಟೇಬಲ್ಲಿನ ಮೇಲೆ ಫೋನಿಟ್ಟು ಓರೆಯಾಗಿ ನೋಡುವವರಿಗೆ ಇದು ದೋಷದಂತೆ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ 2021ರ 12ನೆಯ ಆವೃತ್ತಿಯಿಂದ ಬಂದ ಎಕ್ಸ್‌ಟ್ರಾ ಡಿಮ್ ಎಂಬುದನ್ನು ಆಕ್ಸೆಸಿಬಿಲಿಟಿಯಲ್ಲೂ ಮೇಲಿನಿಂದ ಎಳೆಯುವ ತ್ವರಿತ ಗುಂಡಿಗಳಲ್ಲೂ ಪರೀಕ್ಷಿಸಿ. ಮಕ್ಕಳ ಬೆರಳು ತಾಗಿ ಅದು ಚಾಲೂ ಆಗಿರುವುದನ್ನು ನಾನು ಎರಡು ಮನೆಗಳಲ್ಲಿ ಕಂಡಿದ್ದೇನೆ. ಬ್ಯಾಟರಿ ಉಳಿತಾಯ ಮೋಡ್ ಮತ್ತು ಕಣ್ಣಿನ ರಕ್ಷಣೆಗೆಂದು ಇರುವ ಹಳದಿ ಛಾಯೆಯ ಮೋಡ್ ಎರಡನ್ನೂ ಬಂದ್ ಮಾಡಿ ನೋಡಿ.

ಇವುಗಳಿಗಿಂತ ಹೆಚ್ಚು ಕಾಡುವುದು ನೀಲಿ ಬೆಳಕು ತಡೆಯುವ ಹಳೆಯ ಆಪ್‌ಗಳು. ಅವು ಇಡೀ ಪರದೆಯ ಮೇಲೆ ಒಂದು ಪಾರದರ್ಶಕ ಬಣ್ಣದ ಹಾಳೆಯನ್ನು ಹೊದಿಸುತ್ತವೆ. ಸ್ಪೆಷಲ್ ಆಪ್ ಆಕ್ಸೆಸ್ ಎಂಬಲ್ಲಿ ಬೇರೆ ಆಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ ಯಾರಿಗೆಲ್ಲ ಇದೆಯೆಂದು ನೋಡಿ, ಪರಿಚಯವಿಲ್ಲದ್ದನ್ನು ತೆಗೆಯಿರಿ. ಸಂಶಯ ಉಳಿದರೆ ಫೋನನ್ನು, ನೀವು ಹಾಕಿದ ಆಪ್‌ಗಳು ಚಾಲೂ ಆಗದ ಸೇಫ್ ಮೋಡ್‌ನಲ್ಲಿ ತೆರೆಯಬಹುದು. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಗುಂಡಿ ಒತ್ತಿದಾಗ ಬರುವ ಪವರ್ ಆಫ್ ಚಿತ್ರವನ್ನು ಬೆರಳಿನಿಂದ ಒತ್ತಿ ಹಿಡಿದರೆ ಆ ಆಯ್ಕೆ ಸಿಗುತ್ತದೆ. ಸೇಫ್ ಮೋಡ್‌ನಲ್ಲಿ ಪರದೆ ಬೆಳಗಿದರೆ ತಪ್ಪು ನೀವು ಹಾಕಿದ ಯಾವುದೋ ಆಪ್‌ನದು.

ಒಂದೇ ಆಪ್‌ನಲ್ಲಿ ಮಾತ್ರ ತೊಂದರೆ ಇದ್ದರೆ ಅದರ ಒಳಗೇ ಹುಡುಕಿ. ಕೆಲವು ವಿಡಿಯೋ ಆಪ್‌ಗಳಲ್ಲಿ ಪರದೆಯ ಎಡಭಾಗದಲ್ಲಿ ಬೆರಳನ್ನು ಮೇಲೆ ಕೆಳಗೆ ಸರಿಸಿದರೆ ಆ ಆಪ್‌ನ ಬೆಳಕು ಮಾತ್ರ ಬದಲಾಗುತ್ತದೆ. ಎಚ್‌ಡಿಆರ್ (ಬೆಳಕು ನೆರಳುಗಳ ಅಂತರವನ್ನು ಹೆಚ್ಚಿಸಿ ತೋರಿಸುವ ಬಗೆಯ) ವಿಡಿಯೋ ಅಥವಾ ಫೋಟೋ ತೆರೆದಾಗ ಚಿತ್ರದ ಪ್ರಖರ ಭಾಗಗಳು ಎದ್ದು ಹೊಳೆದು, ಅವುಗಳ ಪಕ್ಕದ ಸಾಮಾನ್ಯ ಬಿಳಿ ಬೂದಿ ಬಣ್ಣದಂತೆ ತೋರುವುದು ಸಹಜ.

ಬಿಸಿಲಿನಲ್ಲಿ ಓದಲು ಡಾರ್ಕ್ ಮೋಡ್ ಬೇಡ. ಕಪ್ಪು ಹಿನ್ನೆಲೆಯಲ್ಲಿ ಪರದೆ ಕನ್ನಡಿಯಂತಾಗಿ ನಿಮ್ಮ ಮುಖ ಮತ್ತು ಆಕಾಶವೇ ಕಾಣುತ್ತವೆ, ಬಿಳಿ ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರ ಆ ಪ್ರತಿಬಿಂಬವನ್ನು ಗೆಲ್ಲುತ್ತದೆ. ಅಕ್ಷರದ ಗಾತ್ರವನ್ನೂ ಒಂದು ಹಂತ ಹಿರಿದು ಮಾಡಿದರೆ ವಯಸ್ಸಾದವರಿಗೆ ಪ್ರಖರತೆಗಿಂತ ಅದೇ ಹೆಚ್ಚು ನೆರವಾಗುತ್ತದೆ.

ರಾತ್ರಿಯ ತೊಂದರೆ ಬೇರೆ

ಹೊಸ ಓಲೆಡ್ ಫೋನಿಗೆ ಬದಲಾದವರಲ್ಲಿ ಕೆಲವರು ಹಗಲಿನ ಬಗ್ಗೆ ಏನೂ ಹೇಳುವುದಿಲ್ಲ, ರಾತ್ರಿ ಅರ್ಧ ತಾಸು ಓದಿದರೆ ಕಣ್ಣು ಉರಿಯುತ್ತದೆ, ತಲೆ ನೋಯುತ್ತದೆ ಎನ್ನುತ್ತಾರೆ. ಈ ದೂರನ್ನು ಹಗುರವಾಗಿ ತಳ್ಳಿಹಾಕಬಾರದು. ಅನೇಕ ಓಲೆಡ್ ಪರದೆಗಳು ಬೆಳಕನ್ನು ಕಡಿಮೆ ಮಾಡಲು ಸೆಕೆಂಡಿಗೆ ನೂರಾರು ಸಲ ಹೊತ್ತಿ ಆರುತ್ತವೆ. ಹಲವು ಫೋನ್‌ಗಳಲ್ಲಿ ಇದು ಸೆಕೆಂಡಿಗೆ 240 ಅಥವಾ 480 ಸಲ, ಕಣ್ಣಿಗೆ ಹಿತವೆಂದು ಪ್ರಚಾರ ಮಾಡುವ ಕೆಲವು ಮಾದರಿಗಳಲ್ಲಿ 1920 ಅಥವಾ 3840 ಸಲ. ಬರಿಗಣ್ಣಿಗೆ ಈ ಮಿಣುಕು ಕಾಣದಿದ್ದರೂ ಕೆಲವರ ಕಣ್ಣಿಗೆ ಅದು ಆಯಾಸ ಕೊಡುತ್ತದೆ. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ತೆರೆದು, ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟು ಮಂದ ಪರದೆಯನ್ನು ನೋಡಿದರೆ ಕಪ್ಪು ಪಟ್ಟೆಗಳು ಓಡುವುದು ಕಾಣಿಸುತ್ತದೆ.

ಇಂಥವರು ಪ್ರಖರತೆಯ ಪಟ್ಟಿಯನ್ನು ತೀರ ಕೆಳಗೆ ಇಳಿಸದೆ ನಡುಭಾಗದಲ್ಲಿಟ್ಟು, ಎಕ್ಸ್‌ಟ್ರಾ ಡಿಮ್ ಅಥವಾ ರಿಡ್ಯೂಸ್ ವೈಟ್ ಪಾಯಿಂಟ್ ಬಳಸಿ ಬಣ್ಣಗಳನ್ನೇ ಮಂದ ಮಾಡಿಕೊಳ್ಳಬೇಕು. ಹೀಗೆ ಮಾಡಿದಾಗ ಬೆಳಕು ಹಿತವಾಗಿರುತ್ತದೆ, ಮಿಣುಕಿನ ಆಳ ಹೆಚ್ಚುವುದಿಲ್ಲ. ಮಿಣುಕನ್ನು ತಗ್ಗಿಸುವ ಡಿಸಿ ಡಿಮ್ಮಿಂಗ್ ಅಥವಾ ಆಂಟಿ ಫ್ಲಿಕರ್ ಎಂಬ ಆಯ್ಕೆ ನಿಮ್ಮ ಫೋನಿನಲ್ಲಿದ್ದರೆ ಅದನ್ನು ಚಾಲೂ ಮಾಡಿ. ಹಗಲಿನಲ್ಲಿ ಇವನ್ನು ಬಂದ್ ಮಾಡಲು ಮರೆತರೆ ಐದನೆಯ ಹೆಜ್ಜೆಯ ತೊಂದರೆಯೇ ಮರಳುತ್ತದೆ, ಆದ್ದರಿಂದ ತ್ವರಿತ ಗುಂಡಿಗಳಲ್ಲಿ ಅದು ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳಿ.

ಇಷ್ಟಾದರೂ ಸರಿಯಾಗದಿದ್ದರೆ

ಬಾಕಿ ಇರುವ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಕೊಂಡು, ಒಮ್ಮೆ ಫೋನು ಆರಿಸಿ ಹೊತ್ತಿಸಿ, ಮೊದಲ ಹೆಜ್ಜೆಯ ಹೋಲಿಕೆಯನ್ನು ಮತ್ತೆ ಮಾಡಿ. ಗ್ಲಾಸಿಲ್ಲದೆ, ತಂಪಾದ ಸ್ಥಿತಿಯಲ್ಲಿ, ಸೇಫ್ ಮೋಡ್‌ನಲ್ಲೂ ಹೊಸದು ಮಂಕಾಗಿದ್ದರೆ, ಪರದೆಯ ಒಂದು ಭಾಗ ಮಾತ್ರ ಮಬ್ಬಾಗಿದ್ದರೆ ಅಥವಾ ಹಸಿರು ಗೆರೆಗಳು ಮೂಡಿದ್ದರೆ ಅದು ಯಂತ್ರದ ದೋಷ. ಬಳಸಿದ ಫೋನನ್ನು ಕೊಂಡವರು ಪರದೆಯನ್ನು ಹಿಂದೆಯೇ ಬದಲಿಸಲಾಗಿದೆಯೇ ಎಂದೂ ನೋಡಬೇಕು. ಐಫೋನ್ 11 ಮತ್ತು ನಂತರದ ಹೆಚ್ಚಿನ ಮಾದರಿಗಳಲ್ಲಿ ಜನರಲ್ ವಿಭಾಗದ ಅಬೌಟ್ ಪುಟದಲ್ಲಿ ಬದಲಿಸಿದ ಬಿಡಿಭಾಗಗಳ ವಿವರ ಬರುತ್ತದೆ. ಓಲೆಡ್ ಇರಬೇಕಾದ ಆಂಡ್ರಾಯ್ಡ್ ಫೋನಿಗೆ ಅಗ್ಗದ ಎಲ್‌ಸಿಡಿ ನಕಲು ಹಾಕಿದ್ದರೆ ಬೆಳಕು ಕಡಿಮೆ ಇರುವುದಲ್ಲದೆ, ಪರದೆಯೊಳಗಿನ ಬೆರಳಚ್ಚಿನ ಗುರುತು ಕೆಲಸ ಮಾಡುವುದನ್ನು ನಿಲ್ಲಿಸಿರುತ್ತದೆ. ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರ ತೆರೆದಾಗ ಪರದೆ ಬೂದು ಬೆಳಕು ಚೆಲ್ಲಿದರೆ ಅದು ಓಲೆಡ್ ಅಲ್ಲ.

ವಾರಂಟಿಯ ಅವಧಿಯೊಳಗಿದ್ದರೆ ಬೀದಿಯ ಅಂಗಡಿಯಲ್ಲಿ ಫೋನು ಬಿಚ್ಚಿಸಬೇಡಿ, ಬಿಚ್ಚಿದ ಗುರುತು ಕಂಡರೆ ವಾರಂಟಿಯ ವಾದವೇ ಕಷ್ಟವಾಗುತ್ತದೆ. ಬಿಲ್ಲು ಹಿಡಿದು ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೆ ಹೋಗಿ. ಹೋಗುವ ಮೊದಲು ಎರಡು ಫೋನ್‌ಗಳನ್ನು ಅಕ್ಕಪಕ್ಕ ಇಟ್ಟ ಫೋಟೋ, ಸಂವೇದಕದ ಪರೀಕ್ಷೆಯ ವಿಡಿಯೋ ತೆಗೆದಿಟ್ಟುಕೊಳ್ಳಿ. ಫೋನು ಕೊಡುವಾಗ ಜಾಬ್ ಶೀಟ್ (ದೂರನ್ನು ಬರೆದುಕೊಂಡು ಕೊಡುವ ಚೀಟಿ) ಕೇಳಿ ಪಡೆಯಿರಿ, ಅದರಲ್ಲಿ “ಪರದೆಯ ತೊಂದರೆ” ಎಂದಷ್ಟೇ ಬರೆಯಲು ಬಿಡದೆ, “ತಂಪಾಗಿದ್ದಾಗ, ಗ್ಲಾಸಿಲ್ಲದೆ, ಸೇಫ್ ಮೋಡ್‌ನಲ್ಲೂ ಬೆಳಕು ಏರುವುದಿಲ್ಲ” ಎಂದು ಪೂರ್ತಿಯಾಗಿ ಬರೆಸಿ. ನ್ಯಾಯವಾದ ದೂರನ್ನು ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಫಲ ಸಿಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ, ಫೋನು ಎಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ.